ಮೂರನೇ ಮಹಡಿಯ ಜಾರುಬಂಡೆ

ಒಂದು ಕಾಲು ಮೆಟ್ಟಿಲ ಕಟಾಂಜನದ ಈಚೆ, ಇನ್ನೊಂದು ಆಚೆ. ಹಣೆಯ ಮೇಲೆ ಕ್ಯಾಮೆರಾ. ಮೂರು ಮಹಡಿ ಕೆಳಗೆ ನೆಲ. ಹಿಡಿದಲ್ಲಿ ಕೈ ನಿಲ್ಲುತ್ತಿರಲಿಲ್ಲ. ಮರ ಸೋಪು ಹಚ್ಚಿದ ಹಾಗೆ ನುಣ್ಣಗಿತ್ತು. ಲಿಫ್ಟ್ ಮೆಕ್ಯಾನಿಕ್ ಕಣ್ಣು ಮುಚ್ಚಿದ.

"ಇಳೀತೀರೋ, ಇಲ್ಲ ಊಟ ಅಲ್ಲಿಗೇ ತರಲೋ?" ಬಾಗಿಲಲ್ಲಿ ನಿಂತು ಹೆಂಡತಿ ಕೇಳಿದಳು.

ಅವನು ಇಳಿದ. ಈಚೆಗೇ.

ಹತ್ತು ಅಂತಸ್ತು ಆಳದ ಲಿಫ್ಟ್ ಗುಂಡಿಯಲ್ಲಿ ನೇತಾಡಿಕೊಂಡು ಕೆಲಸ ಮಾಡುವವನು ಅವನು. ಆದರೆ ಅಲ್ಲಿ ಸೊಂಟಕ್ಕೆ ಹಗ್ಗ ಇರುತ್ತದೆ, ಹಗ್ಗಕ್ಕೆ ಕೊಕ್ಕೆ ಇರುತ್ತದೆ. ಇಲ್ಲಿ ಅವನನ್ನು ಹಿಡಿದಿದ್ದದ್ದು ಒಂದು ಸುಳ್ಳು ಮಾತ್ರ.

ಕ್ಯಾಮೆರಾ ಕೊಂಡು ಹನ್ನೆರಡು ದಿನವಾಗಿತ್ತು. ಆಕ್ಷನ್ ಕ್ಯಾಮೆರಾ ಎಂದು ಡಬ್ಬಿಯ ಮೇಲೆ ಬರೆದಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದು. ಚಿತ್ರ ಅಲುಗುತ್ತಿತ್ತು. ನೀರು ತಾಗದಿರಲೆಂದು ಕೊಟ್ಟ ಕವಚದೊಳಗೆ ಗಾಜು ಬೆವರುತ್ತಿತ್ತು. ಯಾರೇ ಮಾತಾಡಲಿ, ಮಡಕೆಯೊಳಗೆ ಕೂತು ಆಡಿದ ಹಾಗೆ ಕೇಳುತ್ತಿತ್ತು. ಬ್ಯಾಟರಿ ಒಮ್ಮೆ ತೆಗೆದು ಹಾಕಿದರೆ ಸಾಕು, ಅದರ ಪಾಲಿಗೆ ಮತ್ತೆ ಜನವರಿ ಒಂದು. ಆದರೂ ಅವನು ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿದ, ಸೈಕಲ್ಲಿಗೆ ಕಟ್ಟಿದ, ಸೀಲಿಂಗ್ ಫ್ಯಾನಿಗೆ ಅಂಟಿಸಿದ. ಏಳು ವಿಡಿಯೋ ಹಾಕಿದ. ಒಟ್ಟು ಹನ್ನೊಂದು ಸಲ ನೋಡಿದ್ದರು. ಅದರಲ್ಲಿ ನಾಲ್ಕು ಸಲ ಅವನೇ.

ಎಂಟನೆಯದು ಅವನು ತೆಗೆದದ್ದಲ್ಲ. ಬುಧವಾರ ಸಂಜೆ ನೋಡಿದರೆ ಕಾರ್ಡಿನಲ್ಲಿತ್ತು, ಅಷ್ಟೇ. ಹತ್ತೊಂಬತ್ತು ಸೆಕೆಂಡು, ಹಗಲು ಬೆಳಕು, ಇದೇ ಕಟ್ಟಡದ ಮೆಟ್ಟಿಲು. ಗೋಡೆಯ ಮೇಲಿನ ಮಹಡಿಯ ಅಂಕಿಗಳು ಮೂರು, ಎರಡು, ಒಂದು ಎಂದು ಸರ್ರನೆ ಮೇಲಕ್ಕೆ ಹಾರಿಹೋಗುತ್ತವೆ. ಕಟಾಂಜನ ಮುಗಿಯುತ್ತದೆ. ಒಂದು ಜಿಗಿತ. ಆಮೇಲೆ ಮಡಕೆಯೊಳಗಿಂದ ಒಂದು ಕೇಕೆ. ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಮುಖವಂತೂ ಇಲ್ಲ. ಆ ಕ್ಯಾಮೆರಾದ ಜಾಯಮಾನವೇ ಅದು: ಕಟ್ಟಿಕೊಂಡವರನ್ನು ಬಿಟ್ಟು ಉಳಿದದ್ದನ್ನೆಲ್ಲ ತೋರಿಸುತ್ತದೆ.

ಜಾರಿದ್ದು ತಾನೇ ಎಂದು ಬರೆದು ಹಾಕಿಬಿಟ್ಟ.

ಮರುದಿನಕ್ಕೆ ನಲವತ್ತು ಸಾವಿರ ಮಂದಿ ನೋಡಿದ್ದರು. ಕ್ಯಾಮೆರಾ ಮಾರಿದ ಅಂಗಡಿಯವನು ತಾನಾಗಿ ಫೋನು ಮಾಡಿದ. ಭಾನುವಾರ ಹತ್ತಕ್ಕೆ ಬರುತ್ತೇನೆ, ನನ್ನ ಕಣ್ಣೆದುರು ಇನ್ನೊಂದು ಸಲ ಜಾರಿದರೆ ಅಲುಗದ ಕ್ಯಾಮೆರಾ ನಿಮ್ಮದು ಎಂದ. ಸುದ್ದಿ ಕಟ್ಟಡದ ಅಷ್ಟೂ ಮನೆಗೆ ಮುಟ್ಟಿತು. ಕ್ಯಾಮೆರಾ ಹಾಳಾಗಿ ಹೋಗಲಿ, ಭಾನುವಾರ ಜಾರದಿದ್ದರೆ ಆ ಮೆಟ್ಟಿಲಲ್ಲಿ ಅವನು ಮತ್ತೆಂದೂ ತಲೆಯೆತ್ತಿ ಓಡಾಡುವಂತಿರಲಿಲ್ಲ.

ಅನುಮಾನ ಹೆಂಡತಿಯ ಮೇಲೆ. ತಲೆಗೆ ಕಟ್ಟುವ ಬೆಲ್ಟನ್ನು ಯಾರೋ ಎರಡು ಬೆರಳು ಬಿಗಿ ಮಾಡಿದ್ದರು. ಅವಳ ತಲೆ ಸಣ್ಣದು. ಶಾಲೆಯಲ್ಲಿ ಉದ್ದ ಜಿಗಿತಕ್ಕೆ ಪದಕ ಗೆದ್ದವಳು. ಬುಧವಾರ ಅವಳ ಕೊರಿಯರ್ ಆಫೀಸಿಗೆ ರಜೆ. ಜಾರಿದ್ದು ನೀನೇ ತಾನೇ, ಹೇಗೆಂದು ಹೇಳಿಕೊಡು ಎಂದು ಮೊದಲು ಸುಮ್ಮನೆ ಕೇಳಿದ, ಆಮೇಲೆ ಗೋಗರೆದ, ಕೊನೆಗೆ ಕಾಲು ಹಿಡಿಯುವುದೊಂದು ಬಾಕಿ.

"ನಾನಾಗಿದ್ರೆ ಕಾರ್ಡು ನಿಮ್ಮ ಕೈಗೆ ಸಿಗೋಕೆ ಬಿಡ್ತಿದ್ನಾ?" ಎಂದಳು ಅವಳು. "ಅಷ್ಟು ಮರೆವು ನನಗಿನ್ನೂ ಬಂದಿಲ್ಲ ರೀ."

ಮಾವನ ಎದುರು ಈ ಮಾತು ಎತ್ತುವ ಹಾಗಿರಲಿಲ್ಲ. ಮೂವತ್ತು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು ಮಂಡಿ ಸವೆಸಿಕೊಂಡ ಜೀವ. ಕಟ್ಟಡದ ಲಿಫ್ಟ್ ಕೆಟ್ಟು ಆರು ವಾರವಾಗಿತ್ತು. ಅಂದಿನಿಂದ ಅವರು ಕೆಳಗಿಳಿದಿಲ್ಲ. ಬಿರುಬಿಸಿಲಲ್ಲೂ ಕುತ್ತಿಗೆಯಿಂದ ಪಾದದವರೆಗೆ ಕಂಬಳಿ ಹೊದ್ದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹಾಲು, ತರಕಾರಿ, ಔಷಧಿ ಎಲ್ಲವನ್ನೂ ಅಳಿಯನೇ ಏದುಸಿರು ಬಿಡುತ್ತ ಹೊತ್ತು ತರಬೇಕು. ವಾರಕ್ಕೆ ಎರಡು ದಪ್ಪ ಮೇಣದಬತ್ತಿ ಬೇರೆ. ಕರಗಿಸಿ ಮಂಡಿಗೆ ಹಚ್ಚಿದರೆ ಹಿತವಂತೆ. ದಿನಾ ಸಂಜೆ ಅವರದು ಒಂದೇ ಪ್ರಶ್ನೆ.

"ಲಿಫ್ಟ್ ಆಯ್ತಾ?"

"ಇಲ್ಲ ಮಾವ. ಪಾರ್ಟ್ ಬಂದಿಲ್ಲ."

"ಅವಸರ ಏನಿಲ್ಲ ಅಳಿಯಂದ್ರೇ. ನಿಧಾನಕ್ಕೆ ಮಾಡಿ."

ಕಂಡವರ ಲಿಫ್ಟೆಲ್ಲ ರಿಪೇರಿ ಮಾಡಿ ತನ್ನ ಮಾವನನ್ನು ಮೂರನೇ ಮಹಡಿಯಲ್ಲಿ ಕೂಡಿಹಾಕಿದ್ದೇನಲ್ಲ ಎಂದು ಅವನ ಕಣ್ಣು ತೇವವಾಗುತ್ತಿತ್ತು. ಉಪಾಯ ಹೊಳೆದದ್ದೂ ಆ ತೇವದಲ್ಲೇ.

ಶುಕ್ರವಾರ ಪಾರ್ಟ್ ಬಂತು. ಶನಿವಾರ ಇಡೀ ದಿನ ಗುಂಡಿಯಲ್ಲಿ ನೇತಾಡಿ ಲಿಫ್ಟಿಗೆ ಜೀವ ತಂದ. ಯಾರಿಗೂ ಹೇಳಲಿಲ್ಲ. ಆರು ವಾರದ ಮೇಲೆ ಮುದುಕರೊಬ್ಬರು ನೆಲ ಮುಟ್ಟುತ್ತಾರೆ, ಮುಟ್ಟಿಸಿದವನು ಅಳಿಯ. ಜನ ಕಣ್ಣೊರೆಸಿಕೊಳ್ಳುತ್ತಾರೆ. ಅಂಥ ಹೊತ್ತಲ್ಲಿ ಯಾವ ಕಲ್ಲೆದೆಯವನು ಜಾರುವ ಮಾತೆತ್ತುತ್ತಾನೆ? ವಿಡಿಯೋಕ್ಕೆ ಹೆಸರನ್ನೂ ಇಟ್ಟಾಗಿತ್ತು: ಮಾವ ನೆಲ ಮುಟ್ಟಿದ ದಿನ.

ಭಾನುವಾರ ಹತ್ತಕ್ಕೆ ಮೆಟ್ಟಿಲ ಬುಡದಲ್ಲಿ ಜನ ಕಿಕ್ಕಿರಿದಿದ್ದರು. ಅಂಗಡಿಯವನು ಹೊಸ ಕ್ಯಾಮೆರಾದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಕತ್ತೆತ್ತಿ ನಿಂತಿದ್ದ. ಮೆಕ್ಯಾನಿಕ್ ಲಿಫ್ಟಿನೊಳಗೆ ಸ್ಟೂಲು ಇಟ್ಟು, ಅದರ ಮೇಲೆ ದಿಂಬು ಹಾಕಿದ. ಕಂಬಳಿಯ ಸಮೇತ ಮಾವನ ಕುರ್ಚಿಯನ್ನು ಮೆಟ್ಟಿಲ ತಲೆಗೆ ಎಳೆದು ತಂದ. ಹೆಂಡತಿ ಬಾಗಿಲಲ್ಲಿ ನಿಂತು ಯಾಕೋ ತುಟಿ ಕಚ್ಚಿಕೊಂಡಿದ್ದಳು. ಕ್ಯಾಮೆರಾದ ಬೆಲ್ಟನ್ನು ಕೈಯಲ್ಲಿ ಹಿಡಿದು, ಕೆಳಗಿನವರಿಗೂ ಕೇಳುವ ಹಾಗೆ ಅವನು ಹೇಳಿದ:

"ಬನ್ನಿ ಮಾವ. ಲಿಫ್ಟ್ ರೆಡಿ. ಇನ್ನು ಕೂತ್ಕೊಂಡೇ ಇಳೀಬಹುದು."

ಮಾವ ಲಿಫ್ಟನ್ನು ನೋಡಿದರು. ಕಟಾಂಜನವನ್ನು ನೋಡಿದರು. ಕೆಳಗೆ ಕಾದಿದ್ದ ಅಷ್ಟೂ ಮುಖಗಳನ್ನು ನೋಡಿದರು. ಆಮೇಲೆ ಕಂಬಳಿ ಸರಿಸಿದರು. ಕಾಲಲ್ಲಿ ಬೂಟು, ಲೇಸು ಬಿಗಿದಿತ್ತು.

"ಲಿಫ್ಟ್ ನನಗೆ ಬೇಡ," ಎಂದರು. "ಆ ಬೆಲ್ಟ್ ಈಕಡೆ ಕೊಡಿ ಅಳಿಯಂದ್ರೇ. ಎರಡು ಬೆರಳು ಬಿಗಿ ಮಾಡಿ ಕೊಡಿ."