ಅರವತ್ತಕ್ಕೆ ಒಂದು ಕಡಿಮೆ

"ಇದು ಲೆಕ್ಕಕ್ಕೆ ಬರೋದಿಲ್ಲಮ್ಮ," ಎಂದು ಅಧಿಕಾರಿ ಹೇಳಿ ಮುಗಿಸುವಷ್ಟರಲ್ಲಿ ಜಗಮೊಂಡಿ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಕೂರಲು ಯಾರೂ ಹೇಳಿರಲಿಲ್ಲ. ಅವಳು ಒಮ್ಮೆ ಕೂತರೆ ಎಬ್ಬಿಸಲು ಕ್ರೇನು ತರಿಸಬೇಕೆಂಬುದು ಇಡೀ ವಿಶ್ವವಿದ್ಯಾಲಯಕ್ಕೇ ಗೊತ್ತು. ಆ ಅಡ್ಡಹೆಸರು ಪುಕ್ಕಟೆ ಬಂದದ್ದಲ್ಲ.

ವಿಷಯ ಇಷ್ಟೇ. ಸ್ನಾತಕೋತ್ತರ ಪದವಿ ಕೈಗೆ ಸಿಗಲು ಅವಳಿಗೆ ಇನ್ನೊಂದೇ ಕೋರ್ಸು ಬಾಕಿ. ಸೇತುವೆಗಳ ಭಾರ ಲೆಕ್ಕ ಹಾಕುವ ಆ ಕೋರ್ಸನ್ನು ಓದಿ ಪಾಸೂ ಆಗಿದ್ದಳು. ಬಂದದ್ದು ಐವತ್ತೊಂಬತ್ತು. ಪಾಸಾಗಲು ಐವತ್ತು ಸಾಕು. ಪದವಿಯ ಲೆಕ್ಕಕ್ಕೆ ಸೇರಲು ಅರವತ್ತು ಬೇಕು. ಇವತ್ತು ಸೇರದಿದ್ದರೆ ನೋಂದಣಿಯ ಅವಧಿ ಮುಗಿದು, ಇಷ್ಟು ವರ್ಷ ಓದಿದ್ದೆಲ್ಲ ಮಣ್ಣುಪಾಲು.

"ಪಾಸು ಅಂತೀರಿ, ಲೆಕ್ಕಕ್ಕಿಲ್ಲ ಅಂತೀರಿ. ಕಲಿತಿದ್ದೀನಿ ಅಂದ್ರೆ ಸೇರಿಸಿ ಸಾರ್. ಕಲಿತಿಲ್ಲ ಅಂದ್ರೆ ಫೇಲ್ ಅಂತ ಬರೆದುಕೊಡಿ, ಎದ್ದು ಹೋಗ್ತೀನಿ."

ಇಂಥ ಸಾವಿರ ಜನರನ್ನು ಅರೆದು ಕುಡಿದ ಅಧಿಕಾರಿಯೂ ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ವಾದಿಸಿದ ರಭಸಕ್ಕೆ ಗೋಡೆಯ ಸುಣ್ಣ ಉದುರಿತು, ಫ್ಯಾನು ಸುತ್ತುವುದನ್ನೇ ಮರೆಯಿತು, ಪಕ್ಕದ ಕೋಣೆಯ ಟೈಪಿಸ್ಟು ಎರಡು ಸಲ ಅತ್ತು ಒಮ್ಮೆ ಚಪ್ಪಾಳೆ ತಟ್ಟಿದರು. ಕೊನೆಗೆ ಅಧಿಕಾರಿ ಮೆತ್ತಗಾದರು.

"ನೋಡಮ್ಮ, ಒಂದೇ ಒಂದು ಅಂಕ. ಕಲಿಸಿದವರು ಹೂಂ ಅಂದ್ರೆ ಕಣ್ಣು ಮುಚ್ಚಿ ಸೇರಿಸ್ತೀನಿ. ಅವರ ಮಾತೇ ಕೊನೆ. ಕೇಳಿದ್ಯಾ?"

"ಬೆಳಿಗ್ಗೆ ಹಲ್ಲುಜ್ಜೋವಾಗ್ಲೂ ಕೇಳಿದೆ. ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ."

ಹಲ್ಲುಜ್ಜುವಾಗ? ಅಧಿಕಾರಿಯ ಹುಬ್ಬು ನೆತ್ತಿಗೇರಿತು. ಅಂಕಪಟ್ಟಿಯ ಸಹಿಯಂತೂ ಕೋಳಿ ಕೆದಕಿದ ಹಾಗಿತ್ತು. ಕಲಿಸಿದವರು ಇವಳ ಗಂಡನೋ ಅಕ್ಕನೋ ಇರಬೇಕೆಂದು ಗುಮಾನಿಯಾಗಿ, ಮನೆಯವರು ಮನೆಯವರಿಗೇ ಅಂಕ ಹಾಕಬಹುದೇ ಎಂದು ಕೇಳಿಯೇ ಬಿಟ್ಟರು. ಮದುವೆಯಾಗಿಲ್ಲ, ಅಕ್ಕನಿಲ್ಲ, ಬಾಡಿಗೆ ಕೋಣೆಯಲ್ಲಿ ಇರುವುದು ತಾನೊಬ್ಬಳೇ ಎಂದು ಅವಳು ಸೆಟೆದುಕೊಂಡು ಉತ್ತರಿಸಿದಳು. ಮೊದಲಿದ್ದ ಮೇಷ್ಟ್ರು ಅರ್ಧಕ್ಕೇ ಬಿಟ್ಟು ಹೋದದ್ದರಿಂದ ವಿಭಾಗದವರು ಕೈಗೆ ಸಿಕ್ಕಿದವರನ್ನು ಹಿಡಿದು ಪಾಠಕ್ಕೆ ನಿಲ್ಲಿಸಿದರಂತೆ. ಆ ಬದಲಿಯವರಿಗೆ ಅಂಕ ಕೊಡುವುದೆಂದರೆ ಕಿಡ್ನಿ ಕೊಟ್ಟಷ್ಟು ಸಂಕಟವಂತೆ.

"ಹಾಗಿದ್ರೆ ಅವರನ್ನ ಬೈಯೋದು ಬಿಟ್ಟು ನನ್ನ ಜೊತೆ ಯಾಕಮ್ಮ ಜಗಳ?"

"ಅವರು ಹಾಕಿದ ಅಂಕ ಸರಿಯಾಗೇ ಇದೆ. ತಪ್ಪಿರೋದು ನಿಮ್ಮ ನಿಯಮದಲ್ಲಿ."

ಅಧಿಕಾರಿಗೆ ರೋಷ ಬಂತು; ಅದೂ ಇವಳ ಪರವಾಗಿ. ಅದೆಂಥ ಕಲ್ಲು, ತಾವೇ ಕರಗಿಸಿ ತೋರಿಸುವುದಾಗಿ ಹೇಳಿ ವಿಭಾಗಕ್ಕೆ ಫೋನು ಮಾಡಿದರು. ಬದಲಿಯವರ ನಂಬರು ಕೇಳಿ ಬರೆದುಕೊಂಡರು. ಅಂಗಿಯ ತೋಳು ಏರಿಸಿಕೊಂಡು ಆ ನಂಬರು ಒತ್ತಿದರು.

ಜಗಮೊಂಡಿಯ ಚೀಲದೊಳಗೆ ಫೋನು ರಿಂಗಾಯಿತು. ಅವಳು ಅದನ್ನು ತೆಗೆದು ಕಿವಿಗಿಟ್ಟುಕೊಂಡು, ಮೇಜಿನಾಚೆಯ ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಆಗಲ್ಲ ಸಾರ್. ಆ ಹುಡುಗಿ ಬರೆದಿರೋ ಮೂರನೇ ಲೆಕ್ಕ ನಂಬಿ ಕಟ್ಟಿದ್ರೆ ಸೇತುವೆ ಬೀಳುತ್ತೆ."