ಎರೆಹೊಲದ ತಿರುವು

ನಲವತ್ತು ವರ್ಷದ ಹಿಂದೆ ಹಾಕಿದ ರಾಜ್ಯ ಹೆದ್ದಾರಿಯನ್ನು ಅಗಲ ಮಾಡಲು ಬಂದ ಇಂಜಿನಿಯರ್ ಉಮಾಕಾಂತನಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಮೈಲಿಗಟ್ಟಲೆ ನೂಲು ಹಿಡಿದಂತೆ ನೇರವಾಗಿ ಬಂದ ರಸ್ತೆ, ಗುಡ್ಡವೂ ಹಳ್ಳವೂ ಇಲ್ಲದ ಬಯಲಿನಲ್ಲಿ ಥಟ್ಟನೆ ಬಾಗಿ, ಒಂದು ಎರೆಹೊಲವನ್ನು ಬಳಸಿಕೊಂಡು ಹೋಗಿತ್ತು. ಆ ತಿರುವಿನಲ್ಲಿ ವರ್ಷಕ್ಕೆ ಇಬ್ಬರು ಮೂವರಾದರೂ ಸಾಯುತ್ತಿದ್ದರು.

ಹೊಲದ ಒಡತಿ ಫಕೀರವ್ವ ದಿನವಿಡೀ ಬೇವಿನ ಗಿಡದ ಕೆಳಗೆ, ನೆಟ್ಟ ಕಲ್ಲೊಂದರ ಪಕ್ಕ ಕೂತಿರುತ್ತಾಳೆಂದು ಊರವರು ಹೇಳಿದರು. ಅವನು ಅಲ್ಲಿಗೇ ಹೋಗಿ ಕೇಳಿದ.

"ಇಲ್ಲಿ ನನ್ನ ಕೂಸು ಮಣ್ಣಾಗೇತಿ, ಅದರ ಮ್ಯಾಲೆ ಟಾರು ಹಾಕಬ್ಯಾಡ್ರಿ ಅಂತ ಆವಾಗಿನ ಸಾಹೇಬ್ರ ಮುಂದ ಅತ್ತಿದ್ದೆ," ಎಂದಳು ಮುದುಕಿ. "ಭಾಳ ದೊಡ್ಡ ಮನಸಿನವರು. ಇಲ್ಲೇ ನಿಂತು ನಕ್ಷೆ ತಿದ್ದಿದ್ರು."

ಉಮಾಕಾಂತ ಚಪ್ಪಲಿ ಬಿಟ್ಟು ಕಲ್ಲಿಗೆ ಕೈಮುಗಿದ.

"ಈಗ ರಸ್ತೆ ನೇರ ಮಾಡಬೇಕಾಗೇತಿ ಅವ್ವಾ. ಕೂಸಿನ ಸಮಾಧಿ ಬ್ಯಾರೆ ಕಡೆ ಚಂದಾಗಿ ಕಟ್ಟಿಸಿಕೊಡ್ತೀವಿ. ಎಷ್ಟು ತಿಂಗಳದ್ದಿತ್ತು?"

ಅವಳು ಕಲ್ಲಿನ ಮೇಲೆ ಬಿದ್ದಿದ್ದ ಎಲೆಗಳನ್ನು ಸೆರಗಿನಿಂದ ಸರಿಸಿದಳು.

"ನಲವತ್ತು ವರ್ಷದವ. ಹೋದ ಕಾರ್ತೀಕದಾಗ ಇದೇ ತಿರುವಿನಾಗ ಲಾರಿಗೆ ಸಿಕ್ಕ."

"ನಾ ಕೇಳಿದ್ದು ರಸ್ತೆ ಹಾಕುವಾಗಿನ ಕೂಸಿನ ಬಗ್ಗೆ ಅವ್ವಾ."

"ಅದೇ ಕೂಸು ರೀ. ಹೊಲ ಉಳಿಸ್ಕೊಳ್ಳಾಕ ನಾ ಸುಳ್ಳು ಹೇಳೂವಾಗ, ಅವ ಮನ್ಯಾಗ ತೊಟ್ಟಿಲದಾಗ ನಿದ್ದಿ ಮಾಡತಿದ್ದ."