ಬೀಗರ ಬರ್ಬನ್

ಬೀಗರು ಬಾಟಲಿಯನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ತಂದು ಮೇಜಿನ ಮೇಲಿಟ್ಟರು. ಹದಿನೆಂಟು ವರ್ಷ ಓಕ್ ಮರದ ಪೀಪಾಯಿಯಲ್ಲಿ ಮಾಗಿದ ಬರ್ಬನ್ ವಿಸ್ಕಿ. ಆಮೇಲೆ ಇವರ ಮನೆಯ ಗಾಜಿನ ಕಪಾಟಿನಲ್ಲಿ, ಬಿಸಿಲು ನೇರ ಬೀಳುವ ಜಾಗದಲ್ಲಿ, ಇನ್ನಷ್ಟು ವರ್ಷ ಮಾಗಿತ್ತು. "ನಿಮ್ಮಂಥವರು ಬರಲಿ ಅಂತಲೇ ಮುಚ್ಚಳ ತೆಗೆದಿರಲಿಲ್ಲ ಬೀಗರೇ" ಎಂದರು.

ನಿಮ್ಮಂಥವರು ಎಂದರೆ ಮದ್ಯದ ಕಾರ್ಖಾನೆಯಲ್ಲಿ ರುಚಿ ನೋಡಿ ತೀರ್ಪು ಕೊಡುವ ರುಚಿಗಾರರು. ಅವರು ಮೂಗು ಮುರಿದರೆ ಪೀಪಾಯಿಗಟ್ಟಲೆ ಮಾಲು ಚರಂಡಿ ಸೇರುತ್ತಿತ್ತು. ಮಾಲೀಕರ ಮುಖ ನೋಡಿ ಒಂದು ಗುಟುಕನ್ನೂ ಹೊಗಳಿದವರಲ್ಲ. ಮಗಳಿಗೆ ಅದೇ ಭಯ. ನೀರು ಕುಡಿಯಲು ಅಡುಗೆಮನೆಗೆ ಬಂದ ಅಪ್ಪನ ತೋಳು ಹಿಡಿದು, "ಅಪ್ಪ, ಇವತ್ತೊಂದಿನ ಬೀಗರ ಮುಂದೆ ಬಾಯಿಗೆ ಬೀಗ ಹಾಕ್ಕೊ. ನೀನು ಹೇಳಿ ಹೋಗ್ತೀಯ, ಆಮೇಲೆ ವರ್ಷವಿಡೀ ಕೇಳಿಸ್ಕೊಳ್ಳೋಳು ನಾನು" ಎಂದಿದ್ದಳು.

ಬೀಗರು ಮೊದಲು ಭಾಷಣ ಸುರಿದರು, ಆಮೇಲೆ ವಿಸ್ಕಿ. ವೆನಿಲ್ಲಾ, ಸುಟ್ಟ ಸಕ್ಕರೆ, ಒಣದ್ರಾಕ್ಷಿ ಎಲ್ಲ ಒಂದರ ಹಿಂದೊಂದು ನಾಲಿಗೆಗೆ ಬರುತ್ತವೆಂದು, ಡಬ್ಬಿಯ ಮೇಲೆ ಅಚ್ಚಾಗಿದ್ದನ್ನೇ ಸ್ವಂತ ಸಂಶೋಧನೆಯೆಂಬಂತೆ ಬೋಧಿಸಿದರು. ಅಳಿಯ ಪ್ರತಿ ಮಾತಿಗೂ ತಲೆಯಾಡಿಸಿದ. ಆ ಮನೆಯಲ್ಲಿ ಅವನಿಗೆ ವಹಿಸಿದ್ದ ಕೆಲಸ ಅದೊಂದೇ, ಚಾಚೂ ತಪ್ಪದೆ ಮಾಡುತ್ತಿದ್ದ. ನಡುವೆ ಬೀಗರು ಸೊಸೆಯ ಕಡೆ ತಿರುಗದೆಯೇ ಚಿಟಿಕೆ ಹೊಡೆದರು. ಐಸು ಬಂತು.

ರುಚಿಗಾರರು ಲೋಟ ಓರೆ ಮಾಡಿ ಬಣ್ಣ ನೋಡಿದರು, ಮೂಗಿಗೆ ಹಿಡಿದರು. ಕೊಳೆತ ಬಿರಡೆಯ ವಾಸನೆ, ನೆನೆದ ರಟ್ಟಿನ ವಾಸನೆ. ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿದರು. ಬಿಸಿಲು ಸತ್ವವನ್ನೆಲ್ಲ ತಾನು ಕುಡಿದು, ಮರದ ಕಹಿಯನ್ನಷ್ಟೇ ಬೀಗರಿಗೆ ಬಿಟ್ಟಿತ್ತು. ಕಾರ್ಖಾನೆಯಲ್ಲಾದರೆ ಉಗುಳುವುದಕ್ಕೆ ಪಕ್ಕದಲ್ಲೊಂದು ಬಕೆಟ್ ಇರುತ್ತದೆ. ಇಲ್ಲಿ ಪಕ್ಕದಲ್ಲಿ ಬೀಗರಿದ್ದರು. ನುಂಗಿದರು.

"ಹೇಗಿದೆ?"

ಮಗಳು ಐಸಿನ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಬಹಳ ಒಳ್ಳೆ ಮಾಲು" ಎಂದರು ರುಚಿಗಾರರು, ಲೋಟ ಕೆಳಗಿಟ್ಟು ಕಿವಿ ತುರಿಸಿಕೊಳ್ಳುತ್ತ. "ಇಂಥದ್ದು ಸಿಗೋದು ಅಪರೂಪ."

ಬೀಗರು ಉಬ್ಬಿಹೋದರು. ಆ ಖುಷಿಗೆ ಇನ್ನೊಂದು ಲೋಟ ತುಂಬಿಸಿದರು, ಅದನ್ನೂ ಹೊಗಳಬೇಕಾಯಿತು. ತಾವು ಮಾತ್ರ ಡಾಕ್ಟರು ಬೇಡವೆಂದಿದ್ದಾರೆ ಎಂದು ಹಣ್ಣಿನ ರಸ ಕುಡಿದರು.

ಹೊರಡುವಾಗ ಮಗಳು ಗೇಟಿನವರೆಗೂ ಬಂದಳು. ರುಚಿಗಾರರಿಗೆ ಎದೆಯಿಂದ ಹೊಟ್ಟೆಯವರೆಗೂ ಉರಿ, ಆದರೂ ಒಳಗೊಳಗೇ ಹೆಮ್ಮೆ. ಬಾಳಿನಲ್ಲಿ ಮೊದಲ ಸಲ ನಾಲಿಗೆಗೆ ದ್ರೋಹ ಮಾಡಿ ಮಗಳ ಮನೆಯ ನೆಮ್ಮದಿ ಉಳಿಸಿದ್ದರಲ್ಲ. "ಈಗ ಸಮಾಧಾನವಾಯ್ತೇನಮ್ಮ?" ಎಂದರು.

ಅವಳು ಗೇಟಿನ ಚಿಲಕ ತೆಗೆದಳು.

"ನಿಂಗೆ ಸುಳ್ಳು ಹೇಳೋಕೇ ಬರಲ್ಲ ಅಂತ ಅಂದ್ಕೊಂಡಿದ್ದೆ ಅಪ್ಪ" ಎಂದಳು. "ಇವತ್ತು ನೀನು ಲೋಟ ಕೆಳಗಿಟ್ಟು, ಯಾರ ಮುಖಾನೂ ನೋಡದೆ ಕಿವಿ ತುರಿಸ್ಕೊಂಡೆ. ಮದುವೆಗೆ ಮುಂಚೆ ಈ ಮನೆ ನೋಡ್ಕೊಂಡು ಬಂದು, 'ಇಂಥ ಜನ ಸಿಗೋದು ಅಪರೂಪ ಕಣಮ್ಮ' ಅಂದೆಯಲ್ಲ, ಆಗಲೂ ಹೀಗೇ ತುರಿಸ್ಕೊಂಡಿದ್ದೆ."